ಬರಾಓನಾದಲ್ಲಿ ಊರಿನ ಮಿಕ್ಸಿ ಓಡಿಸಿದ್ದು

ನಾವಿರುವ ಬರಾಓನಾ ಕೆರಿಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್‌ನ ನೈಋತ್ಯ ಕರಾವಳಿಯ ಚಿಕ್ಕ ಊರು. ಇಲ್ಲಿನವರಿಗೂ ತೊಗರಿ ಪ್ರಾಣ, ಗಾಂದುಲೆಸ್ ಅಂತಾರೆ. ತೆಂಗಿನಕಾಯಿಗೂ ಕೊರತೆ ಇಲ್ಲ. ಹುಳಿ, ಸಾರು ಸಲೀಸು. ಚಟ್ನಿ ಮಾತ್ರ ಆಗುತ್ತಿರಲಿಲ್ಲ.

ಊರಿಂದ ತಂದ 750 ವ್ಯಾಟ್ ಮಿಕ್ಸಿ 230 ವೋಲ್ಟ್‌ನದು. ಇಲ್ಲಿ ಪ್ಲಗ್ಗಿನಲ್ಲಿ ಬರುವುದು 110-120. ಅಡಾಪ್ಟರ್ ಹಾಕಿದೆ. ಮಿಕ್ಸಿ ಗುಂಯ್ ಅಂದಿತು, ಕಾಯಿಚೂರು ಹಾಗೇ ಇತ್ತು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಅಲ್ಲ.

ಆಮೇಲೆ 500 ವ್ಯಾಟ್‌ನ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್, ಅಂದರೆ ವೋಲ್ಟೇಜ್ ಏರಿಸುವ ಪೆಟ್ಟಿಗೆ, ತಂದೆ. ಎರಡೇ ನಿಮಿಷಕ್ಕೆ ಕೈ ಇಡಲಾಗದಷ್ಟು ಬಿಸಿ. ಮೋಟಾರು ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ ಅಲ್ವಾ, ಅದಕ್ಕೆ ಮಿಕ್ಸಿಯ ಎರಡರಷ್ಟಾದರೂ ತಾಕತ್ತು ಬೇಕು. 1500 ವ್ಯಾಟ್‌ನದು ತಂದ ದಿನವೇ ಚಟ್ನಿ ನುಣ್ಣಗಾಯಿತು. ಎಷ್ಟು ತಿಂಗಳಾಗಿತ್ತು ಆ ಘಮ ಬಂದು! ಕರೆಂಟಿನ ಆವರ್ತನ (ಫ್ರೀಕ್ವೆನ್ಸಿ) ಇಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಮಿಕ್ಸಿಯ ಬ್ರಶ್ ಮೋಟಾರಿಗೆ ಇದರಿಂದ ತೊಂದರೆ ಇಲ್ಲ. ಟ್ರಾನ್ಸ್‌ಫಾರ್ಮರ್ ತುಂಬ ಭಾರ, ಶೆಲ್ಫಿನ ಮೇಲಿಡಬೇಡಿ.

ಇನ್ನೊಂದು ಮಾತು. ಇಲ್ಲಿ ಕರೆಂಟ್ ಆಗಾಗ ಹೋಗುತ್ತದೆ, ಮನೆಮನೆಗೂ ಬ್ಯಾಟರಿ ಇನ್ವರ್ಟರ್. ಅದರಲ್ಲಿ ದೀಪ, ಫ್ಯಾನ್ ಓಡಿಸಿ, ಮಿಕ್ಸಿ ಬೇಡ. ಕರೆಂಟ್ ಹೋದ ತಕ್ಷಣ ಟ್ರಾನ್ಸ್‌ಫಾರ್ಮರಿನ ಪ್ಲಗ್ ಕಿತ್ತಿಡಿ. ಬರುವಾಗ ವೋಲ್ಟೇಜ್ ಏರಿಳಿಯುತ್ತದೆ. ಬೀದಿಯ ಮಕ್ಕಳು "ಯೆಗೋ ಲಾ ಲುಸ್!" ಎಂದು ಕೂಗುತ್ತಾರೆ, ಕರೆಂಟ್ ಬಂತು ಅಂತ. ನಾನು ಐದು ನಿಮಿಷ ಕಾದು ಅಕ್ಕಿ ರುಬ್ಬಲು ಶುರು ಮಾಡುತ್ತೇನೆ.