ಕಪ್ಪುಪಾದದ ಫೆರೆಟ್ ಅನ್ನು ರಾತ್ರಿಯಲ್ಲಿ ಗುರುತಿಸುವ ಬಗೆ

ನೀರುನಾಯಿಯ ಕುಟುಂಬಕ್ಕೆ ಸೇರಿದ ಸಣ್ಣ ಮಾಂಸಾಹಾರಿ ಪ್ರಾಣಿಯಾದ ಉತ್ತರ ಅಮೆರಿಕದ ಕಪ್ಪುಪಾದದ ಫೆರೆಟ್ ಅನ್ನು ನೋಡಬೇಕೆನ್ನುವವರು ಮೊದಲು ಪ್ರೇರಿ ಡಾಗ್‌ಗಳ ನೆಲೆಯನ್ನು ಹುಡುಕಬೇಕು. ಅಳಿಲಿನ ಕುಟುಂಬಕ್ಕೆ ಸೇರಿದ, ಹುಲ್ಲುಗಾವಲಿನಲ್ಲಿ ಬಿಲ ತೋಡಿ ಗುಂಪಾಗಿ ಬಾಳುವ ಈ ಪ್ರಾಣಿಯೇ ಫೆರೆಟ್‌ನ ಆಹಾರದಲ್ಲಿ ಸುಮಾರು ಶೇ. 90ರಷ್ಟಿದ್ದು, ಅದರ ಬಿಲವೇ ಫೆರೆಟ್‌ಗೆ ಮನೆ, ಹೆರಿಗೆಯ ತಾಣ ಮತ್ತು ಅಡಗುದಾಣವಾಗಿದೆ. ಸಾಕಣೆಯಲ್ಲಿ ಹುಟ್ಟಿದ ಫೆರೆಟ್‌ಗಳನ್ನು 1991ರಿಂದ ಮರಳಿ ಬಿಟ್ಟಿರುವ ವಯೋಮಿಂಗ್‌ನ ಶರ್ಲಿ ಬೇಸಿನ್, ದಕ್ಷಿಣ ಡಕೋಟದ ಕೊನಾಟಾ ಬೇಸಿನ್‌ನಂತಹ ನೆಲೆಗಳಲ್ಲೇ ಹುಡುಕಾಟ ಸಾರ್ಥಕವಾಗುತ್ತದೆ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಕೂಡುವ ಫೆರೆಟ್‌ಗಳು ಸುಮಾರು ಆರು ವಾರಗಳ ಬಳಿಕ ಸಾಮಾನ್ಯವಾಗಿ ಮೂರು ನಾಲ್ಕು ಮರಿಗಳನ್ನು ಈಯುತ್ತವೆ. ಕಣ್ಣು ಮುಚ್ಚಿಕೊಂಡೇ ಹುಟ್ಟುವ ಮರಿಗಳು ಜುಲೈ ಹೊತ್ತಿಗೆ ನೆಲದ ಮೇಲೆ ಬರತೊಡಗುತ್ತವೆ. ತಾಯಿಯೊಬ್ಬಳೇ ಅವನ್ನು ಸಾಕುತ್ತಾಳೆ, ಗಂಡು ನೆರವಾಗುವುದಿಲ್ಲ. ಶರತ್ಕಾಲದಲ್ಲಿ ಮರಿಗಳು ಚದುರಿ ಒಂಟಿ ಬಾಳನ್ನು ಹಿಡಿಯುವುದರಿಂದ, ಇಡೀ ಕುಟುಂಬ ಒಟ್ಟಾಗಿ ಕಾಣುವ ಕಾಲ ಚಿಕ್ಕದು.

ಕತ್ತಲಾದ ಮೇಲೆ ಪ್ರಖರವಾದ ಬೆಳಕನ್ನು ಬಿಲಗಳ ಮೇಲೆ ನಿಧಾನವಾಗಿ ಹಾಯಿಸಿ, ಬೆಳಗಿನ ಜಾವದವರೆಗೂ ಬಿಡದೆ ನೋಡಬೇಕು. ಫೆರೆಟ್‌ನ ಕಣ್ಣು ಪಚ್ಚೆಯಂತಹ ಹಸಿರಿನಲ್ಲಿ ಹೊಳೆಯುತ್ತದೆ. ಹೊಳಪೊಂದನ್ನೇ ನಂಬುವುದು ಸರಿಯಲ್ಲ, ಏಕೆಂದರೆ ಬಿಲ ತೋಡುವ ಪ್ರಾಣಿಯಾದ ಬ್ಯಾಡ್ಜರ್ ಮತ್ತು ನರಿಗಳ ಕಣ್ಣೂ ಬೆಳಕಿಗೆ ಮಿನುಗುತ್ತವೆ. ದುರ್ಬೀನಿನಲ್ಲಿ ತಿಳಿಕಂದು ಬಣ್ಣದ ಉದ್ದನೆಯ ತೆಳ್ಳನೆಯ ಮೈ, ಕಣ್ಣಿನ ಸುತ್ತಲಿನ ಕಪ್ಪು ಮುಖವಾಡ, ಕಪ್ಪು ಕಾಲು ಮತ್ತು ಬಾಲದ ಕಪ್ಪು ತುದಿ ಕಂಡರೆ ಮಾತ್ರ ದೃಢಪಡಿಸಿಕೊಳ್ಳಿ. ಬಿಲಕ್ಕೆ ನುಗ್ಗಿದ ಫೆರೆಟ್ ಕುತೂಹಲದಿಂದ ಮತ್ತೆ ತಲೆ ಹೊರಗಿಡುವುದುಂಟು. ಈ ಸ್ವಭಾವವೇ ನೋಡುವವರಿಗೆ ಅತಿ ದೊಡ್ಡ ಅನುಕೂಲ. ಹಗಲಿನಲ್ಲಾದರೆ, ಬಿಲದ ಬಾಯಿಂದ ಹೊರಚಾಚಿದ ಮಣ್ಣಿನ ಉದ್ದ ಸಾಲನ್ನೂ ಅದರ ನಡುವಿನ ಕಾಲುವೆಯಂತಹ ತಗ್ಗನ್ನೂ ಗಮನಿಸಿ: ಪ್ರೇರಿ ಡಾಗ್‌ಗಳು ಮುಚ್ಚಿದ ಬಿಲವನ್ನು ಫೆರೆಟ್ ತೆರೆಯುವಾಗ ಮಣ್ಣನ್ನು ಹಿಂದಕ್ಕೆಳೆದು ಹಾಕುವ ರೀತಿಯಿದು.

ನಾಯಿಯನ್ನು ಜೊತೆಗೆ ಕರೆದೊಯ್ಯಲೇಬಾರದು. ನಾಯಿಗಳಿಗೆ ತಗಲುವ ಡಿಸ್ಟೆಂಪರ್ ರೋಗ ಫೆರೆಟ್‌ಗೆ ಮಾರಕ; 1985ರಲ್ಲಿ ವಯೋಮಿಂಗ್‌ನ ಮೀಟೀಟ್ಸಿಯ ನೆಲೆಯನ್ನು ಅದು ಹಾಳುಗೆಡವಿದ್ದರಿಂದಲೇ ಉಳಿದ 18 ಪ್ರಾಣಿಗಳನ್ನು ಹಿಡಿದು ಸಾಕಬೇಕಾಯಿತು, ಮತ್ತು ಇಂದಿನ ಹೆಚ್ಚುಕಡಿಮೆ ಎಲ್ಲ ಫೆರೆಟ್‌ಗಳೂ ಅವುಗಳಲ್ಲಿ ಏಳರ ಸಂತತಿ. ಚಿಗಟಗಳಿಂದ ಹರಡುವ ಪ್ಲೇಗ್ ಫೆರೆಟ್ ಮತ್ತು ಪ್ರೇರಿ ಡಾಗ್ ಎರಡನ್ನೂ ಕೊಲ್ಲುತ್ತದೆ, ಮನುಷ್ಯರಿಗೂ ತಗಲುತ್ತದೆ. ಆದ್ದರಿಂದ ಬಿಲದ ಬಾಯಲ್ಲಿ ಕೂರದೆ, ಸತ್ತ ಪ್ರಾಣಿಯನ್ನು ಮುಟ್ಟದೆ, ಕಂಡ ಜಾಗ ಮತ್ತು ಹೊತ್ತನ್ನು ಬರೆದುಕೊಂಡು ಅಲ್ಲಿನ ವನ್ಯಜೀವಿ ಅಧಿಕಾರಿಗಳಿಗೆ ತಿಳಿಸಿ.