ಮೂರು ಸುತ್ತು ಕೆಂಪು ದಾರ

ಗಾಲ್ಫ್ ಆಡುವವರು ಇದನ್ನು ಕ್ಲಬ್ ಎನ್ನುತ್ತಾರೆ. ದಾವಣಗೆರೆಯಲ್ಲಿ ನಿಂತು ‘ಹಳೆಯ ಕ್ಲಬ್ ರಿಪೇರಿ ಮಾಡುತ್ತೇನೆ’ ಎಂದರೆ, ಇಸ್ಪೀಟು ಆಡುವ ಕಟ್ಟಡಕ್ಕೆ ಸುಣ್ಣ ಹೊಡೆಯುವ ಗುತ್ತಿಗೆದಾರ ಎಂದುಕೊಳ್ಳುತ್ತಾರೆ. ಹಾಗಾಗಿ ನಾನು ಮೊದಲಿನಿಂದಲೂ ಕೋಲು ಎಂದೇ ಹೇಳುತ್ತಾ ಬಂದಿದ್ದೇನೆ. ಹಳೆಯ ಗಾಲ್ಫ್ ಕೋಲುಗಳನ್ನು ಕೊಂಡು, ದುರಸ್ತಿ ಮಾಡಿ, ನನ್ನದೇ ಗುರುತಿನಲ್ಲಿ ಮಾರುವುದು ನನ್ನ ಕಸುಬು. ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಅದೂ ಬೆಂಗಳೂರಿನಲ್ಲಿ, ಬೇಲಿಯ ಹೊರಗೆ ನಿಂತು.

ಏಳು ವರ್ಷಗಳ ಹಿಂದಿನ ಮಾತು. ಲೇತ್ ಕೆಲಸಕ್ಕೆ ಹಳೆಯ ಸರಳಿನ ತುಂಡು ಹುಡುಕಿಕೊಂಡು ಗುಜರಿ ಅಂಗಡಿಗೆ ಹೋಗಿದ್ದೆ. ಚಿಕ್ಕಮಗಳೂರು ಕಡೆಯ ಎಸ್ಟೇಟ್ ಬಂಗಲೆಯೊಂದರ ಸಾಮಾನು ಆವತ್ತು ಬೆಳಿಗ್ಗೆ ಬಂದು ಬಿದ್ದಿತ್ತು. ಅಂಗಡಿಯ ಹುಡುಗ ಕೋಲುಗಳನ್ನು ಒಂದೊಂದಾಗಿ ಮೊಣಕಾಲಿಗೆ ಒತ್ತಿ ಮುರಿಯುತ್ತಿದ್ದ. ತಲೆಯ ಕಬ್ಬಿಣ ತೂಕದ ರಾಶಿಗೆ, ಮರ ಒಲೆಗೆ. ಆದರೆ ಮರ ಬಾಗುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ಹುಡುಗನಿಗೆ ಸಿಟ್ಟು ಬಂದಿತ್ತು, ನನಗೆ ಕುತೂಹಲ ಬಂತು. ಒಂಬತ್ತು ಕೋಲು, ಹರಿದ ಚೀಲ ಒಂದು, ಎಲ್ಲ ಸೇರಿ 450 ರೂಪಾಯಿ.

ಅಪ್ಪ ಹರಿಹರದ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಕೈಕೆಲಸ ಕಲಿಸಿದ ಕಾರ್ಖಾನೆ. ನಮ್ಮ ಶೆಡ್ಡಿನ ಲೇತ್ ಅಲ್ಲಿಯದೇ. ಅಪ್ಪ ಕೋಲಿನ ತಲೆಯ ಮೇಲೆ ಹೆಬ್ಬೆರಳು ಆಡಿಸಿ, “ಇದು ಎರಕದ್ದಲ್ಲ, ಕುಲುಮೆಯಲ್ಲಿ ಬಡಿದದ್ದು” ಎಂದರು. ಆಮೇಲೆ ಕನ್ನಡಕ ಏರಿಸಿ, “ಹಿಂಬದಿಯಲ್ಲಿ ತಂಬಾಕಿನ ಪೈಪಿನ ಹಾಗೆ ಏನೋ ಒತ್ತಿದ್ದಾರೆ, ನೋಡು” ಎಂದರು.

ಆ ಪೈಪು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಟಾಮ್ ಸ್ಟೀವರ್ಟ್‌ನ ಕುಲುಮೆಯ ಮುದ್ರೆ ಎಂದು ತಿಳಿಯುವುದಕ್ಕೆ ನನಗೆ ಎರಡು ವಾರ ಬೇಕಾಯಿತು. ಹುಡುಗನ ಮೊಣಕಾಲಿಗೆ ಮುರಿಯದ ಮರ ಹಿಕರಿ, ಅಮೆರಿಕದ ಕಾಡಿನದು. ಸೇಂಟ್ ಆಂಡ್ರೂಸಿನ ಗಾಲ್ಫ್ ನಿಯಮ ಮಂಡಳಿ ಉಕ್ಕಿನ ಹಿಡಿಗೆ, ಅಂದರೆ ಕೋಲಿನ ಉದ್ದನೆಯ ದಂಡಕ್ಕೆ, ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಅಲ್ಲಿಯವರೆಗೆ ಬ್ರಿಟಿಷರು ಆಡಿದ್ದು ಹೆಚ್ಚಾಗಿ ಹಿಕರಿಯಲ್ಲಿ. ಕಲ್ಕತ್ತೆಯಲ್ಲಿ 1829ರಷ್ಟು ಹಿಂದೆಯೇ ಗಾಲ್ಫ್ ಸಂಘ ಹುಟ್ಟಿತ್ತು, ಬೆಂಗಳೂರಿನ ಸಂಘ 1876ರದು. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೂ ಕೋಲಾರದ ಚಿನ್ನದ ಗಣಿಗೂ ಬಂದ ದೊರೆಗಳು ಕೋಲುಗಳನ್ನು ಹೊರಿಸಿಕೊಂಡೇ ಬಂದರು. ಹೋಗುವಾಗ ಎಷ್ಟನ್ನೋ ಅಟ್ಟದ ಮೇಲೆ ಬಿಟ್ಟುಹೋದರು. ನನ್ನ ಕಚ್ಚಾ ಸಾಮಗ್ರಿ ಇರುವುದು ಆ ಅಟ್ಟಗಳಲ್ಲಿ. ಆಗಿನ ಕೋಲುಗಳಿಗೆ ಇಂದಿನ ಹಾಗೆ ಬರೀ ಸಂಖ್ಯೆಯಲ್ಲ, ಮನೆಯ ದನಗಳಿಗೆ ಇಟ್ಟ ಹಾಗೆ ಹೆಸರು ಇರುತ್ತಿತ್ತು: ಮ್ಯಾಷಿ, ನಿಬ್ಲಿಕ್, ಕ್ಲೀಕ್, ಅಡಿಗೆ ಹಿತ್ತಾಳೆಯ ತಗಡು ಹೊಡೆದದ್ದಕ್ಕೆ ಬ್ರಾಸಿ.

ಮೊದಲ ತಪ್ಪನ್ನು ದೊಡ್ಡದಾಗಿಯೇ ಮಾಡಿದೆ. ಲೇತ್ ಶೆಡ್ಡಿನವನಿಗೆ ಹೊಳಪು ಎಂದರೆ ಕೆಲಸ ಮುಗಿಯಿತು ಎಂದರ್ಥ. ನಾಲ್ಕು ಕಬ್ಬಿಣದ ತಲೆಗಳನ್ನು ಬಫಿಂಗ್ ಚಕ್ರಕ್ಕೆ ಹಿಡಿದೆ. ತುಕ್ಕು ಹೋಯಿತು, ಕುಳಿ ಹೋಯಿತು, ಮುಖ ನೋಡಿಕೊಳ್ಳುವಷ್ಟು ಹೊಳೆಯಿತು. ಪೈಪಿನ ಮುದ್ರೆಯೂ ಹೋಯಿತು; ಅದು ಹೋದದ್ದು ನನ್ನ ಗಮನಕ್ಕೇ ಬರಲಿಲ್ಲ. ಅವನ್ನು ಹೊತ್ತುಕೊಂಡು ಬೆಂಗಳೂರಿಗೆ ಹೋಗಿ, ಹಳೆಯ ಕೋಲು ಕೂಡಿಡುವ ನಿವೃತ್ತ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕಾಫಿ ಕೊಟ್ಟರು, ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು, ಮೆಲ್ಲನೆ ಹೇಳಿದರು: “ಇದಕ್ಕೆ ನೂರು ವರ್ಷವಾಗಿತ್ತು. ನೀವು ಇದನ್ನು ನಿನ್ನೆ ಹುಟ್ಟಿಸಿದ್ದೀರಿ.”

ನಾಲ್ಕರಲ್ಲಿ ಒಂದನ್ನೂ ಕೊಳ್ಳಲಿಲ್ಲ. ಕೊಂಡದ್ದು ಚೀಲದ ತಳದಲ್ಲಿ, ನಾನು ಇನ್ನೂ ಮುಟ್ಟದೆ ಇದ್ದ ತುಕ್ಕುಹಿಡಿದ ನಿಬ್ಲಿಕ್. ಕೊಟ್ಟದ್ದು 2,500 ರೂಪಾಯಿ. ನನ್ನ ವ್ಯಾಪಾರದ ಮೊದಲ ಸಂಪಾದನೆ ನಾನು ಮಾಡದ ಕೆಲಸಕ್ಕೆ ಬಂದದ್ದು. ಬಸ್ಸಿನಲ್ಲಿ ಚಿತ್ರದುರ್ಗ ದಾಟುವವರೆಗೂ ನನಗೆ ಅವರ ಮೇಲೆ ಸಿಟ್ಟಿತ್ತು. ಸಿಟ್ಟು ಇಳಿದ ಮೇಲೆ ಹೊಳೆದದ್ದನ್ನೇ ಇವತ್ತಿಗೂ ಮಾಡುತ್ತಿದ್ದೇನೆ: ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ಮಾರುವುದು.

ಕಬ್ಬಿಣದ ವಿಷಯದಲ್ಲಿ ದಾರಿ ತೋರಿಸಿದವಳು ಅವ್ವ. ದೇವರ ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣು ಹಾಕುವುದಿಲ್ಲವೇ, ಇದಕ್ಕೂ ಹಾಕು ಎಂದಳು. ಕಿವುಚಿದ ಹುಣಸೆ ರಸದಲ್ಲಿ ಒಂದು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕೆಂಪು ತುಕ್ಕು ಮೆದುವಾಗಿ ಬೆರಳಿಗೆ ಬರುತ್ತದೆ, ಕೆಳಗಿನ ಉಕ್ಕು ಬೂದುಗಪ್ಪಾಗಿ ನಿಂತಿರುತ್ತದೆ. ಆ ಬೂದುಗಪ್ಪೇ ಬೇಕಾದದ್ದು. ಹಳೆಯ ಕೋಲಿನ ಮೈಬಣ್ಣಕ್ಕೆ ಅದು ಹೊಂದುತ್ತದೆ. ಎರಡನೇ ರಾತ್ರಿಗೆ ಬಿಟ್ಟರೆ ಹುಳಿ ಲೋಹವನ್ನೇ ತಿನ್ನಲು ಶುರು ಮಾಡುತ್ತದೆ. ತೊಳೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಬಿಸಿಲಿಗಿಟ್ಟು, ಎಣ್ಣೆ ಸವರಿದರೆ ಆಯಿತು. ಬಫಿಂಗ್ ಚಕ್ರದ ಬೆಲ್ಟನ್ನು ಬಿಚ್ಚಿಟ್ಟಿದ್ದೇನೆ, ಕೈ ತಡೆಯದಿದ್ದರೆ ಎಂದು.

ಮರ ಕಲಿಸಿದ ಪಾಠ ಬೇರೆ. ಮಲೆನಾಡಿನ ಮಳೆಯಲ್ಲಿ ದಶಕಗಟ್ಟಲೆ ಇದ್ದ ಹಿಕರಿ ನಮ್ಮ ಬಯಲುಸೀಮೆಗೆ ಬಂದರೆ ಸೊರಗುತ್ತದೆ. ಅಪ್ಪ ತೀರ್ಥಹಳ್ಳಿ ಕಡೆಯಿಂದ ಬಂದ ಚಿಕ್ಕಮ್ಮನ ಹೆಸರು ಹೇಳಿ ನಗುತ್ತಾರೆ. ವಿಷಯ ಇಷ್ಟು: ಒಣಗಿದ ಮರ ಕುಗ್ಗುತ್ತದೆ, ಕುಗ್ಗಿದ ಮರ ಕಬ್ಬಿಣದ ಕೊಳವೆಯಲ್ಲಿ ಸಡಿಲವಾಗುತ್ತದೆ. ಒಂದು ಮ್ಯಾಷಿಯನ್ನು ಬಂದ ಮರುದಿನವೇ ಅಂಟು ಹಾಕಿ ಕಳಿಸಿದ್ದೆ. ಏಪ್ರಿಲ್‌ನಲ್ಲಿ ಅದರ ತಲೆ ಆಟದ ನಡುವೆ ಕಳಚಿ ಚೆಂಡಿಗಿಂತ ದೂರ ಹೋಯಿತಂತೆ. ಯಾರಿಗೂ ಏಟಾಗಲಿಲ್ಲ, ನನ್ನ ಪುಣ್ಯ. ಹಣ ವಾಪಸು ಕಳಿಸಿದೆ, ಕೋಲನ್ನೂ ಸರಿ ಮಾಡಿಕೊಟ್ಟೆ. ಅಂದಿನಿಂದ ಬಂದ ಪ್ರತಿ ಕೋಲೂ ಶೆಡ್ಡಿನ ಜಂತಿಗೆ ತಲೆಕೆಳಗಾಗಿ ಕಡಿಮೆ ಎಂದರೆ ಆರು ವಾರ ತೂಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುತ್ತೇನೆ. ತೂಕ ಇಳಿಯುವುದು ನಿಂತ ಮೇಲೆಯೇ ಹಳೆಯ ಪಿನ್ ತಟ್ಟಿ ತೆಗೆಯುವುದು, ಅಂಟು ಬದಲಿಸುವುದು, ಹೊಸ ಪಿನ್ ಹೊಡೆಯುವುದು. ಸೊಟ್ಟಗಾದದ್ದನ್ನು ಸ್ಪಿರಿಟ್ ದೀಪದ ಮೇಲೆ ಆಡಿಸಿ, ಅಗಸೆ ಎಣ್ಣೆ ಹಚ್ಚಿದ ಕೈಯಿಂದ ಮೊಣಕಾಲಿಗೆ ಒತ್ತಿ ನೇರ ಮಾಡುತ್ತೇನೆ. ಗುಜರಿ ಅಂಗಡಿಯ ಹುಡುಗ ಮಾಡುತ್ತಿದ್ದದ್ದೂ ಇದನ್ನೇ, ಬೆಂಕಿ ಮತ್ತು ತಾಳ್ಮೆ ಬಿಟ್ಟು.

ಇನ್ನು ಗುರುತಿನ ಕಥೆ. ಮಾಲು ಒಂದು ಮಟ್ಟಕ್ಕೆ ಬಂದ ಮೇಲೆ ನನ್ನ ಹೆಸರು ಅದರ ಮೇಲೆ ಬೇಡವೇ ಎನಿಸಿತು. ಉಕ್ಕಿನ ಅಚ್ಚಿನಲ್ಲಿ ‘ದಾ’ ಎಂಬ ಅಕ್ಷರ ಮಾಡಿಸಿ ಕಬ್ಬಿಣದ ಕುತ್ತಿಗೆಯ ಮೇಲೆ ಒತ್ತಿದೆ. ಅಕ್ಷರ ಚೆನ್ನಾಗಿಯೇ ಮೂಡಿತ್ತು. ಮಡಿಕೇರಿಯ ಗಿರಾಕಿಯೊಬ್ಬರು ಎರಡು ಕೋಲನ್ನು ಹಾಗೇ ಹಿಂದಕ್ಕೆ ಕಳಿಸಿದರು. ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಜೋಡಿಗಳು ಹೆಸರು ಕೆತ್ತಿ ಬಾಣ ಬಿಟ್ಟಿರುತ್ತಾರಲ್ಲ, ನಾನು ಮಾಡಿದ್ದೂ ಅದೇ. ಸ್ಟೀವರ್ಟ್‌ನ ಪೈಪಿನ ಪಕ್ಕದಲ್ಲಿ ನನ್ನ ಅಕ್ಷರಕ್ಕೆ ಏನು ಕೆಲಸ?

ಉತ್ತರ ಸಿಕ್ಕಿದ್ದು ಹಿಡಿಕೆ ಕಟ್ಟುವಾಗ. ಹಿಕರಿ ಕೋಲಿನ ಹಿಡಿಕೆಗೆ ತೊಗಲಿನ ಪಟ್ಟಿಯನ್ನು ಓರೆಯಾಗಿ ಸುತ್ತಿ, ಎರಡೂ ತುದಿಗೆ ಮೇಣದ ದಾರ ಬಿಗಿಯುತ್ತಾರೆ. ಆ ದಾರವನ್ನು ನಾನು ಗಡಿಯಾರ ಕಂಬದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಂದ ತರುತ್ತೇನೆ. ಬಿಗಿಯುವ ಬಗೆಯನ್ನೂ ಸರಿಯಾಗಿ ತೋರಿಸಿಕೊಟ್ಟವರು ಅವರೇ. ಮೊದಲು ದಾರವನ್ನು ಕೋಲಿನ ಉದ್ದಕ್ಕೆ ಕುಣಿಕೆಯಾಗಿ ಮಲಗಿಸಬೇಕು. ಅದರ ಮೇಲೆ ಒಂದು ಸುತ್ತಿಗೆ ಇನ್ನೊಂದು ಸುತ್ತು ಅಂಟಿಸಿಕೊಂಡು, ಕೋಲನ್ನೇ ತಿರುಗಿಸುತ್ತಾ ಹೋಗಬೇಕು. ದಾರ ತಿರುಗಿಸಿದರೆ ಹುರಿ ಬಿಚ್ಚುತ್ತದೆ. ಹದಿನೆಂಟು ಇಪ್ಪತ್ತು ಸುತ್ತಾದ ಮೇಲೆ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಇನ್ನೊಂದು ಕೊನೆಯನ್ನು ಹಿಡಿದು ಎಳೆದರೆ ಕುಣಿಕೆ ತುದಿಯನ್ನು ನುಂಗಿಕೊಂಡು ಸುತ್ತುಗಳ ಅಡಿಗೆ ಸರಿಯುತ್ತದೆ. ಅರ್ಧದಲ್ಲಿ ನಿಲ್ಲಿಸಬೇಕು. ಪೂರ್ತಿ ಎಳೆದರೆ ಎಲ್ಲ ಕೈಗೆ ಬರುತ್ತದೆ. ಗಂಟು ಎಲ್ಲಿಯೂ ಇಲ್ಲ.

ಒಂದು ದಿನ ಕಪ್ಪು ದಾರ ಮುಗಿದು, ಕೊನೆಯ ಮೂರು ಸುತ್ತಿಗೆ ಕೆಂಪು ಹಾಕಿದೆ. ಗೋಡೆಗೆ ಒರಗಿಸಿ ದೂರದಿಂದ ನೋಡಿದೆ. ಇದು ಆಗಬಹುದು ಎನಿಸಿತು. ಬೇಡವಾದವರು ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಕೋಲಿಗೆ ಗೀರೂ ಬೀಳುವುದಿಲ್ಲ. ಹಿಡಿಕೆಯ ಕೆಳತುದಿಯ ಆ ಮೂರು ಕೆಂಪು ಸುತ್ತುಗಳೇ ಅಂದಿನಿಂದ ನನ್ನ ಮುದ್ರೆ. ಲೋಗೋ ಮಾಡಿಸಿಲ್ಲ. ಹೆಸರು ಒಂದಿದೆ, ಇಲ್ಲಿ ಬರೆದರೆ ಜಾಹೀರಾತಾಗುತ್ತದೆ; ಗಿರಾಕಿಗಳೂ ಅದನ್ನು ಬಳಸುವುದಿಲ್ಲ, ‘ಕೆಂಪು ದಾರದವರು’ ಎಂದೇ ಫೋನ್ ಮಾಡುತ್ತಾರೆ.

ದಾರದ ಜೊತೆ ಒಂದು ಚೀಟಿ ಹೋಗುತ್ತದೆ. ಅದರಲ್ಲಿ ಎರಡು ಕಲಮು: ಮಾಡಿದ್ದು, ಮಾಡದೆ ಬಿಟ್ಟದ್ದು. ಎರಡನೆಯದೇ ಸಾಮಾನ್ಯವಾಗಿ ಉದ್ದ. ‘ಮುಖದ ಎಡಗಡೆಯ ಕುಳಿ ಹಾಗೇ ಇದೆ. ಹಿಡಿಯಲ್ಲಿ ತಲೆಯಿಂದ ಒಂದು ಗೇಣು ಮೇಲೆ ಹಳೆಯ ಸೀಳು, ಅಂಟು ತುಂಬಿದೆ, ಆಟಕ್ಕೆ ಬೇಡ.’ ಆಟಕ್ಕೆ ಯಾವುದು, ಗೋಡೆಗೆ ಯಾವುದು ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಆಟಕ್ಕೆ ಕೊಂಡವರಿಗೆ ಎರಡು ಮಾತು ಹೆಚ್ಚು: ಮೆದು ಚೆಂಡನ್ನೇ ಬಳಸಿ, ಅಭ್ಯಾಸದ ರಬ್ಬರ್ ಚಾಪೆಯ ಮೇಲೆ ಹೊಡೆಯಬೇಡಿ, ಗಟ್ಟಿ ನೆಲದ ಏಟು ಹಿಕರಿಗೆ ಆಗುವುದಿಲ್ಲ. ಚೀಟಿ ಓದಿ ಕೊಳ್ಳದೆ ಹೋದವರಿದ್ದಾರೆ. ಅವರಲ್ಲಿ ಕೆಲವರು ಆರು ತಿಂಗಳ ಮೇಲೆ ಬೇರೆ ಕೋಲಿಗೆ ಬಂದಿದ್ದಾರೆ.

ಹಿಕರಿ ಸಿಗದ ತಿಂಗಳುಗಳಲ್ಲಿ ಪರ್ಸಿಮನ್ ಮರದ ತಲೆಗಳನ್ನು ಮಾಡುತ್ತೇನೆ. ಹಿಡಿ ಉಕ್ಕಿನದಾದ ಮೇಲೂ ದೂರ ಹೊಡೆಯುವ ಕೋಲಿನ ತಲೆ ದಶಕಗಳ ಕಾಲ ಮರದ್ದೇ ಆಗಿತ್ತು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ತಲೆ ತಂದ ಮೇಲೆ ಅದರ ಕಾಲ ಇಳಿಮುಖವಾಯಿತು. ಈ ಪರ್ಸಿಮನ್, ನಮ್ಮ ಕಡೆ ಬೀಡಿ ಸುತ್ತುವ ಎಲೆ ಕೊಡುವ ತೂಬರೆಯ ಕುಲದ್ದೇ ಮರ. ಇದನ್ನು ಹೇಳಿದಾಗ, ಬೀಡಿ ಕಟ್ಟುವ ಪಕ್ಕದ ಮನೆಯ ಅಕ್ಕ ಒಂದು ತಲೆಯನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಏನೂ ಹೇಳದೆ ವಾಪಸು ಕೊಟ್ಟರು.

ಚಿತ್ರಗಳನ್ನು ಶೆಡ್ಡಿನ ಸಿಮೆಂಟು ನೆಲದ ಮೇಲೆ, ಬೆಳಿಗ್ಗೆ ಎಂಟರ ಓರೆ ಬಿಸಿಲಿನಲ್ಲಿ ಮೊಬೈಲಿನಿಂದ ತೆಗೆಯುತ್ತೇನೆ. ಮಖಮಲ್ಲು ಹಾಸಿ ನೋಡಿದೆ. ಮದುವೆ ಆಲ್ಬಮ್ ಕಂಡಂತಾಯಿತು. ಬೆಲೆಯನ್ನು ಚಿತ್ರದ ಕೆಳಗೇ ಬರೆಯುತ್ತೇನೆ, ಚೌಕಾಸಿ ಇಲ್ಲ. ತಿಂಗಳಿಗೆ ಹತ್ತು ಹನ್ನೆರಡು ಕೋಲು ಹೋಗುತ್ತವೆ. ಮನೆ ನಡೆಯುವುದು ಇನ್ನೂ ಅರ್ಧ ಲೇತ್ ಕೆಲಸದಿಂದಲೇ.

ಒಮ್ಮೆ ಹೋಟೆಲಿನ ಗೋಡೆ ಅಲಂಕಾರಕ್ಕೆ ನಲವತ್ತು ಕೋಲು ಬೇಕೆಂದು ಕೇಳಿ ಬಂದರು. ಹಳೆಯದಾಗಿ ಕಂಡರೆ ಸಾಕು, ಹಳೆಯದೇ ಆಗಬೇಕಿಲ್ಲ. ಶೆಡ್ಡಿನ ಸಾಲ ಬಾಕಿ ಇತ್ತು, ಒಪ್ಪಿಕೊಂಡೆ. ಮುರಿದ ತುಂಡುಗಳಿಗೆ ಹೊನ್ನೆ ಮರದ ಹಿಡಿ ಹಾಕಿ, ಬಣ್ಣ ಬಳಿದು ಕಳಿಸಿದೆ. ಒಂದಕ್ಕೂ ಕೆಂಪು ದಾರ ಕಟ್ಟಲಿಲ್ಲ. ಆ ಹೋಟೆಲಿಗೆ ನಾನು ಊಟಕ್ಕೆ ಹೋಗುವುದಿಲ್ಲ.

ಹೋದ ತಿಂಗಳು ಬೆಂಗಳೂರಿನ ಆ ಹಿರಿಯರೇ ಫೋನ್ ಮಾಡಿದರು. ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನನ್ನ ದಾರ ಕಟ್ಟಿದ ನಿಬ್ಲಿಕ್ ಇದೆ, ಚೀಟಿ ಇಲ್ಲ, ಕೊಳ್ಳಲೇ ಎಂದು ಕೇಳಿದರು. ಚಿತ್ರ ಕಳಿಸಲು ಹೇಳಿ, ದೊಡ್ಡದು ಮಾಡಿ ನೋಡಿದೆ. ಹಿಡಿಕೆಯ ಕೆಳತುದಿ, ಕಪ್ಪಿನ ನಂತರ ಕೆಂಪು, ಗಂಟಿಲ್ಲದ ಬಿಗಿ. ಎಣಿಸಿದೆ. ನಾಲ್ಕು ಸುತ್ತು ಇತ್ತು.

“ನನ್ನದಲ್ಲ ಸಾರ್,” ಎಂದೆ. “ಆದರೆ ತಲೆಯನ್ನು ಉಜ್ಜಿ ಹೊಳೆಸಿಲ್ಲ, ಕುಳಿಗಳು ಹಾಗೇ ಇವೆ. ಬೆಲೆ ಸರಿಯಿದ್ದರೆ ಕೊಳ್ಳಿ. ಅದನ್ನು ಕಟ್ಟಿದವರ ನಂಬರ್ ಅಂಗಡಿಯವರ ಹತ್ತಿರ ಇದ್ದರೆ ನನಗೆ ಕಳಿಸಿ.”