ಗುರಿ ಸರಿಯಿದ್ದರೂ ಗುಂಡು ಯಾಕೆ ಎಡಕ್ಕೆ, ಕೆಳಗೆ?

ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ ನಮ್ಮ ಕನ್ನಡದ ಹುಡುಗರು ಕೇಳುತ್ತಾರೆ: “ಅಣ್ಣಾ, ಪಿಸ್ತೂಲೇ ಸರಿಯಿಲ್ಲ ಅಲ್ವಾ?” ಸುಮ್ನೆ ಸೈಟ್ (ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಇರುವ, ಗುರಿ ನೋಡುವ ಗುರುತು) ತಿರುಗಿಸಬೇಡಿ. ಮೊದಲು ಕೋಚ್ ಕೈಲಿ ಅದೇ ಪಿಸ್ತೂಲಿನಿಂದ ಐದು ಗುಂಡು ಹೊಡೆಸಿ. ಅವರದ್ದೂ ಅಲ್ಲೇ ಬಿದ್ದರೆ, ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಿ.

ಇಲ್ಲವಾದರೆ ತಪ್ಪು ಕೈಯದು. ಬಲಗೈಯವರು ಟ್ರಿಗರ್ ಜಗ್ಗಿದಾಗ ಇಡೀ ಮುಷ್ಟಿ ಬಿಗಿಯುತ್ತದೆ, ಸದ್ದಿಗೆ ಮುಂಚೆಯೇ ಮಣಿಕಟ್ಟು ಬಗ್ಗುತ್ತದೆ; ಅದಕ್ಕೇ ಗುಂಡು ಎಡಕ್ಕೆ, ಕೆಳಗೆ. ಎರಡು ಸೈಟುಗಳ ಅಂತರ 22 ಸೆಂ.ಮೀ. ಇದ್ದರೆ, ಮುಂದಿನ ಸೈಟ್ 1 ಮಿ.ಮೀ. ಅಲುಗಿದರೂ 25 ಮೀಟರಿನಲ್ಲಿ ಗುಂಡು 11 ಸೆಂ.ಮೀ. ತಪ್ಪುತ್ತದೆ!

ಗುಂಡುಗಳ ನಡುವೆ ಒಂದು ಡಮ್ಮಿ (ಸಿಡಿಯದ ನಕಲಿ ಗುಂಡು) ಸೇರಿಸಲು ಕೋಚ್‌ಗೆ ಹೇಳಿ. ‘ಟಕ್’ ಅಂದಾಗ ನಳಿಕೆಯ ಮೂತಿ ಕುಸಿಯಿತಾ? ಹಾಗಾದರೆ ಖಾಲಿ ಪಿಸ್ತೂಲಿನ ಅಭ್ಯಾಸವೇ ಮದ್ದು. ಗುಂಡು ಕೂರುವ ಚೇಂಬರ್ ಖಾಲಿಯಿದೆಯಾ ಅಂತ ಎರಡು ಸಲ ನೋಡಿ, ಮುಂದಿನ ಸೈಟ್ ಮೇಲೆ ಕಣ್ಣಿಟ್ಟು, ಟ್ರಿಗರನ್ನು ನಿಧಾನ ಒತ್ತಿ.